ಮುಚ್ಚಂಜೆಯ ಬಾನಿನಲ್ಲಿ ಕಂಡ ಬೆಳಕು

ಆಕಾಶದಲ್ಲಿ ದಿನವೂ ಕಾಣುವ ಬೆಳಕುಗಳ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಸೂರ್ಯಚಂದ್ರರೂ ಗ್ರಹನಕ್ಷತ್ರಗಳೂ ತಪ್ಪದೆ ಬಂದು ಹೋಗುವ ಅತಿಥಿಗಳು. ಅವುಗಳ ಉದಯಾಸ್ತಗಳನ್ನು ಪಂಚಾಂಗವು ವರ್ಷಕ್ಕೆ ಮೊದಲೇ ಹೇಳಬಲ್ಲುದು. ಆದರೆ ಯಾವ ಪಂಚಾಂಗವೂ ಹೇಳದ ಬೆಳಕೊಂದು ಒಮ್ಮೊಮ್ಮೆ ಕಾಣುವುದುಂಟು. ದೀಪ ಹಚ್ಚುವ ಹೊತ್ತು. ಜನರು ಹೊಲಗದ್ದೆಗಳಿಂದಲೂ ಕಚೇರಿಗಳಿಂದಲೂ ಮನೆಗೆ ಮರಳುತ್ತಿರುತ್ತಾರೆ. ಪಡುವಣ ಕೆಂಪು ಇನ್ನೂ ಪೂರ್ತಿಯಾಗಿ ಆರಿರುವುದಿಲ್ಲ. ಅಷ್ಟರಲ್ಲಿ ಬಾನಿನ ಒಂದು ಮೂಲೆಯಲ್ಲಿ ಬೆಳಕು ಮೂಡುತ್ತದೆ, ಸರಿಯುತ್ತದೆ, ಅಳಿಯುತ್ತದೆ. ನೋಡಿದವನು ಪಕ್ಕದವನನ್ನು ಕರೆಯುವಷ್ಟರಲ್ಲಿ ಅಲ್ಲಿ ಏನೂ ಇರುವುದಿಲ್ಲ.

ಮರುದಿನ ಬೆಳಗಾಗುವುದರೊಳಗೆ ಆ ಬೆಳಕು ಬೆಳೆದಿರುತ್ತದೆ. ಒಬ್ಬನು ಕಂಡದ್ದು ಹತ್ತು ಜನ ಕಂಡದ್ದಾಗುತ್ತದೆ, ಚುಕ್ಕೆಯಷ್ಟಿದ್ದುದು ಚಂದ್ರನಷ್ಟಾಗುತ್ತದೆ. ಕೆಲವರು ಅದನ್ನು ಅಪಶಕುನವೆನ್ನುತ್ತಾರೆ, ಕೆಲವರು ಅನ್ಯಲೋಕದವರ ವಿಮಾನವೆನ್ನುತ್ತಾರೆ. ಓದಿದವರಲ್ಲಿ ಬಹುಮಂದಿ ನಕ್ಕು ಸುಮ್ಮನಾಗುತ್ತಾರೆ. ಈ ಮೂರು ಬಗೆಯವರೂ ಒಂದು ವಿಷಯದಲ್ಲಿ ಸಮಾನರು: ಅವರಲ್ಲಿ ಯಾರೂ ವಿಚಾರಣೆ ಮಾಡಿದವರಲ್ಲ. ಇಂಥ ಬೆಳಕನ್ನು ಹೇಗೆ ವಿಚಾರಿಸಬೇಕು, ಹಿಂದೆ ಹೇಗೆ ವಿಚಾರಿಸಿದರು, ಅದರಿಂದ ಏನು ದೊರೆಯಿತು ಎಂಬುದೇ ಈ ಭಾಷಣದ ವಿಷಯ.

ವಿಚಾರಣೆಗೆ ಒಂದು ನೆಲೆ ಬೇಕು. ಬೆಳಗಾವಿಯ ಸೀಮೆಯ ದೇಗಾಂವವನ್ನು ಆ ನೆಲೆಯಾಗಿ ಇಟ್ಟುಕೊಳ್ಳೋಣ. ರಾಣಿ ಚೆನ್ನಮ್ಮನ ಕಿತ್ತೂರಿನಿಂದ ಅದು ಬಹು ದೂರವಲ್ಲ. ಊರು ಚಿಕ್ಕದು, ಆದರೆ ಅಲ್ಲಿಯ ಕಮಲನಾರಾಯಣ ದೇವಾಲಯವು ಚಿಕ್ಕದಲ್ಲ. ಗೋವೆಯ ಕದಂಬವಂಶದ ಶಿವಚಿತ್ತ ಪೆರ್ಮಾಡಿದೇವನ ರಾಣಿಯಾದ ಕಮಲಾದೇವಿಯು 12ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದಳು. ಅಲ್ಲಿಯ ಶಾಸನವು ಕ್ರಿಸ್ತಶಕ 1174ರ ಸುಮಾರಿನದು. ಗೋವೆಯ ಕದಂಬರ ಶಾಸನಗಳಿಗೆ ಒಂದು ವಿಶೇಷವುಂಟು. ಕನ್ನಡನಾಡಿನ ಇತರ ಅರಸರು ಹೆಚ್ಚಾಗಿ ಶಾಲಿವಾಹನ ಶಕವರ್ಷವನ್ನೂ ವಿಕ್ರಮವರ್ಷವನ್ನೂ ಬರೆಯಿಸಿದರೆ, ಇವರು ಕಲಿಯುಗದ ವರ್ಷಸಂಖ್ಯೆಯನ್ನೇ ಬರೆಯಿಸಿದರು. ಕಾಲವನ್ನು ಅಷ್ಟು ದೀರ್ಘವಾದ ಅಳತೆಗೋಲಿನಿಂದ ಎಣಿಸುತ್ತಿದ್ದ ಜನರಿವರು.

ನಮ್ಮ ಶಾಸನಗಳನ್ನು ನೋಡಿದವರಿಗೆ ಈ ಪದ್ಧತಿಯು ಗೊತ್ತಿರುವುದೇ. ದಾನವು ಯಾವ ಸಂವತ್ಸರದ ಯಾವ ಮಾಸ, ಪಕ್ಷ, ತಿಥಿ, ವಾರದಂದು ನಡೆಯಿತೆಂಬುದು ಬರೆದಿರುತ್ತದೆ. ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಾಂತಿ, ವ್ಯತೀಪಾತ ಮೊದಲಾದ ಪುಣ್ಯಕಾಲಗಳಿದ್ದರೆ ಅದೂ ಇರುತ್ತದೆ. ಗೋವೆಯ ಕದಂಬರ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟರಿಗೂ ಅವರ ಸಮಕಾಲೀನರಿಗೂ ಈ ವಿವರಗಳು ಸತ್ಯಪರೀಕ್ಷೆಯ ಒರೆಗಲ್ಲಾದುವು. ಶಂಕರ ಬಾಲಕೃಷ್ಣ ದೀಕ್ಷಿತರೂ ರಾಬರ್ಟ್ ಸೆವೆಲರೂ ಸೇರಿ 1896ರಲ್ಲಿ ಭಾರತೀಯ ಕಾಲಗಣನೆಯನ್ನು ಕುರಿತ ಗ್ರಂಥವನ್ನು ಹೊರಡಿಸಿ, ಹಿಂದಿನ ಗ್ರಹಣಗಳ ಕೋಷ್ಟಕಗಳನ್ನೂ ಅದರಲ್ಲಿ ಸೇರಿಸಿದರು. ಶಾಸನದಲ್ಲಿ ಹೇಳಿದ ದಿನದಂದು ಗ್ರಹಣವು ನಿಜವಾಗಿ ನಡೆದಿತ್ತೇ, ತಿಥಿವಾರಗಳು ಕೂಡಿ ಬರುತ್ತವೆಯೇ ಎಂದು ಲೆಕ್ಕ ಹಾಕಿ ನೋಡುವುದು ಆಗ ಸಾಧ್ಯವಾಯಿತು. ಕೂಡಿ ಬಂದರೆ ಶಾಸನಕ್ಕೆ ಬಲ ಬರುತ್ತದೆ. ಬಾರದಿದ್ದರೆ ಅದು ಕೂಟಶಾಸನವೋ, ಬರೆದವನ ಪ್ರಮಾದವೋ ಎಂದು ಶಂಕಿಸಬೇಕಾಗುತ್ತದೆ. ನಮ್ಮ ಕಾಲದಲ್ಲಿಯೂ ಈ ಕೆಲಸವು ನಡೆದಿದೆ. ಬಿ. ಎಸ್. ಶೈಲಜಾ ಅವರೂ ಗೀತಾ ಕೈದಾಳ ಅವರೂ ಕಲ್ಲಿನ ಮೇಲಿನ ಇಂಥ ಆಕಾಶವಾರ್ತೆಗಳನ್ನು ಸಂಗ್ರಹಿಸಿ 2016ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಗ್ರಹಣವು ಮರಳಿ ಬರುವ ಘಟನೆ. ಎಂಟು ನೂರು ವರ್ಷಗಳ ಹಿಂದಿನದನ್ನೂ ನಾವು ಕುಳಿತಲ್ಲಿಯೇ ಗಣಿತದಿಂದ ಮತ್ತೆ ಕಾಣಬಹುದು. ಸಂಜೆಯಲ್ಲಿ ಮಿಂಚಿ ಮರೆಯಾದ ಬೆಳಕಿಗೆ ಈ ಭಾಗ್ಯವಿಲ್ಲ. ಅದು ಮರಳಿ ಬಾರದು. ಅದರ ಅಸ್ತಿತ್ವವೆಲ್ಲ ಕಂಡವರ ಮಾತಿನಲ್ಲಿ ಇರುತ್ತದೆ. ಆದುದರಿಂದ ಇಲ್ಲಿ ಮೊದಲು ಪರೀಕ್ಷಿಸಬೇಕಾದುದು ಬೆಳಕನ್ನಲ್ಲ, ಸಾಕ್ಷ್ಯವನ್ನು. ಇದು ಇತಿಹಾಸಕಾರನ ಕೆಲಸಕ್ಕೆ ಬಹಳ ಹತ್ತಿರವಾದುದು.

ನಮ್ಮ ಹಿರಿಯರು ಈ ಬೆಳಕುಗಳನ್ನು ಗಮನಿಸಲಿಲ್ಲವೆಂದು ತಿಳಿಯಬಾರದು. ಉಲ್ಕೆ ಎಂಬ ಶಬ್ದಕ್ಕೆ ಉರಿಯುವ ಕೊಳ್ಳಿ ಎಂದೇ ಅರ್ಥ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇವುಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಹೇಳಿದನು. ಯಾವುದಕ್ಕೆ ಬಾಲವುಂಟು, ಯಾವುದು ಬೀಳುತ್ತ ದೊಡ್ಡದಾಗುತ್ತದೆ, ಯಾವುದು ಎಳೆಯಂತೆ ಸಣ್ಣಗಿರುತ್ತದೆ ಎಂದು ವಿಂಗಡಿಸಿದನು. ಅಶನಿಯು ಮಹಾಶಬ್ದದೊಡನೆ ಬಿದ್ದು ನೆಲವನ್ನು ಸೀಳುವುದೆಂದೂ ಹೇಳಿದನು. ಶುಭಾಶುಭ ಫಲಗಳನ್ನು ಹೇಳುವುದೇ ಅವನ ಮುಖ್ಯೋದ್ದೇಶವಾಗಿತ್ತು, ನಿಜ. ಆದರೂ ಆಕಾಶದಿಂದ ಬೆಳಕೊಂದು ಸದ್ದಿನೊಡನೆ ಇಳಿದು ನೆಲವನ್ನು ಮುಟ್ಟಬಲ್ಲುದೆಂಬ ಮಾತನ್ನು ಅವನು ಅಲ್ಲಗಳೆಯಲಿಲ್ಲ. ಯೂರೋಪಿನ ಪಂಡಿತರು 18ನೆಯ ಶತಮಾನದ ಕೊನೆಯವರೆಗೂ ಅಲ್ಲಗಳೆದದ್ದು ಈ ಮಾತನ್ನೇ.

1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಆಕಾಶದಿಂದ ಕಲ್ಲೊಂದು ಬಿದ್ದಿತೆಂದು ಹೊಲದಲ್ಲಿ ದುಡಿಯುತ್ತಿದ್ದವರು ಹೇಳಿದರು. ಪ್ಯಾರಿಸಿನ ವಿಜ್ಞಾನ ಪರಿಷತ್ತು ಆ ಕಲ್ಲನ್ನು ಪರೀಕ್ಷಿಸಲು ಒಂದು ಸಮಿತಿಯನ್ನು ನೇಮಿಸಿತು. ರಸಾಯನಶಾಸ್ತ್ರದ ಪಿತಾಮಹನೆಂದು ಹೆಸರಾದ ಲವಾಸಿಯೇ ಅದರಲ್ಲಿ ಒಬ್ಬನು. ಇದು ನೆಲದ ಮೇಲೆಯೇ ಇದ್ದ ಕಲ್ಲು, ಇದಕ್ಕೆ ಸಿಡಿಲು ಬಡಿದಿದೆ, ಅಷ್ಟೆ ಎಂಬುದು ಸಮಿತಿಯ ನಿರ್ಣಯ. ಲವಾಸಿಯೇ ದಡ್ಡನಲ್ಲ. ಬಯಲಾಕಾಶದಲ್ಲಿ ಕಲ್ಲುಗಳಿರುವುದು ಅಂದಿನ ತಿಳಿವಳಿಕೆಗೆ ಹೊಂದುತ್ತಿರಲಿಲ್ಲ. ಹೇಳಿದವರೂ ಓದುಬರಹವಿಲ್ಲದ ಹಳ್ಳಿಗರು. ಸಿದ್ಧಾಂತ ಒಂದು ಕಡೆ, ಕಣ್ಣಾರೆ ಕಂಡವರು ಒಂದು ಕಡೆ ನಿಂತಾಗ ಪಂಡಿತರು ಸಿದ್ಧಾಂತದ ಪಕ್ಷವನ್ನು ಹಿಡಿದರು.

ಈ ತೀರ್ಪನ್ನು ತಿರುಗಿಸಿದ ಸಾಕ್ಷ್ಯಗಳಲ್ಲಿ ಬಲವಾದ ಒಂದು ನಮ್ಮ ದೇಶದಿಂದಲೇ ಹೋಯಿತೆಂಬುದನ್ನು ನಾವು ಮರೆಯಬಾರದು. 1798ರ ಡಿಸೆಂಬರ್ 19, ರಾತ್ರಿ ಸುಮಾರು 8 ಗಂಟೆ. ಕಾಶಿಯ ಸುತ್ತಮುತ್ತಲಿನ ಜನರು ಆಕಾಶದಲ್ಲಿ ದೊಡ್ಡ ಬೆಂಕಿಯ ಚೆಂಡೊಂದನ್ನು ಕಂಡರು. ಗುಡುಗಿನಂಥ ಸದ್ದನ್ನು ಕೇಳಿದರು. ಕೆಲವು ದಿನಗಳಿಂದ ಮೋಡದ ಸುಳಿವೂ ಇರಲಿಲ್ಲ. ಆದುದರಿಂದ ಸಿಡಿಲೆನ್ನಲು ಎಡೆಯಿರಲಿಲ್ಲ. ಕಾಶಿಯಿಂದ 14 ಮೈಲಿ ದೂರದಲ್ಲಿ, ಗೋಮತೀ ನದಿಯ ಬಳಿ ಇರುವ ಕ್ರಾಖುತ್ ಎಂಬ ಹಳ್ಳಿಯಲ್ಲಿ ಕಲ್ಲುಗಳು ಬಿದ್ದುವೆಂಬ ಸುದ್ದಿ ಬಂದಿತು.

ಆಗ ಕಾಶಿಯ ನ್ಯಾಯಾಧೀಶನಾಗಿದ್ದವನು ಸ್ಯಾಮ್ಯುಯೆಲ್ ಡೇವಿಸ್. ಸೂರ್ಯಸಿದ್ಧಾಂತವನ್ನು ಅಭ್ಯಾಸಮಾಡಿ, ಭಾರತೀಯರ ಗ್ರಹಗಣಿತವನ್ನು ಕುರಿತು 1790ರಲ್ಲಿ ಲೇಖನ ಪ್ರಕಟಿಸಿದ ವಿದ್ವಾಂಸನೇ ಇವನು. ಇವನು ಸುದ್ದಿಯನ್ನು ಕೇಳಿ ನಗಲಿಲ್ಲ, ನಂಬಿಯೂ ಬಿಡಲಿಲ್ಲ. ಬುದ್ಧಿವಂತನಾದ ಒಬ್ಬನನ್ನು ಸ್ಥಳಕ್ಕೆ ಕಳುಹಿಸಿದನು. ಬೆಳಗ್ಗೆ ಹೊಲಗಳಲ್ಲಿ ಮಣ್ಣು ಹೊಸದಾಗಿ ಎದ್ದ ಗುರುತುಗಳಿದ್ದುವೆಂದೂ ಅಲ್ಲಿ ಅಗೆದಾಗ ಕಲ್ಲುಗಳು ಸಿಕ್ಕಿದುವೆಂದೂ ಹಳ್ಳಿಯವರು ಹೇಳಿದರು. ಒಬ್ಬ ಕಾವಲುಗಾರನ ಗುಡಿಸಲಿನ ಮಾಡನ್ನು ತೂರಿಕೊಂಡು ಸುಮಾರು 2 ಪೌಂಡು ತೂಕದ ಕಲ್ಲೊಂದು ಅವನ ಸಮೀಪದಲ್ಲಿಯೇ ಗಟ್ಟಿ ನೆಲದೊಳಕ್ಕೆ ಹೂತಿತ್ತು. ಆ ಕಾವಲುಗಾರನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಮಾತನ್ನು ಮಾತ್ರ ಬರೆದಿಟ್ಟರು. ಜಾನ್ ಲಾಯ್ಡ್ ವಿಲಿಯಮ್ಸ್ ಎಂಬಾತನು ಈ ಹೇಳಿಕೆಗಳನ್ನೆಲ್ಲ ಕೂಡಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಮುಟ್ಟಿಸಿದನು. ಅಲ್ಲಿ ಎಡ್ವರ್ಡ್ ಹೋವರ್ಡನು ಕಾಶಿಯ ಕಲ್ಲನ್ನು ಇಟಲಿ, ಇಂಗ್ಲೆಂಡ್, ಬೊಹೀಮಿಯಾ ದೇಶಗಳಲ್ಲಿ ಬಿದ್ದ ಕಲ್ಲುಗಳೊಡನೆ ಹೋಲಿಸಿ ವಿಶ್ಲೇಷಿಸಿದನು. ಬಿದ್ದ ಸ್ಥಳಗಳು ಸಾವಿರಾರು ಮೈಲಿ ದೂರ ದೂರ, ಬಿದ್ದ ವರ್ಷಗಳು ಬೇರೆ ಬೇರೆ; ಆದರೂ ಎಲ್ಲದರ ಕಬ್ಬಿಣದ ಕಣಗಳಲ್ಲಿಯೂ ನಿಕ್ಕಲ್ ಲೋಹವು ಬೆರೆತಿತ್ತು. ಸುತ್ತಲಿನ ಮಣ್ಣುಕಲ್ಲುಗಳಿಗೆ ಇವುಗಳ ಹೋಲಿಕೆಯಿರಲಿಲ್ಲ. ಈ ಫಲಿತಾಂಶವು 1802ರಲ್ಲಿ ಪ್ರಕಟವಾಯಿತು. 1794ರಲ್ಲಿಯೇ ಹಳೆಯ ಸಾಕ್ಷಿಗಳ ಹೇಳಿಕೆಗಳನ್ನು ಒಟ್ಟುಗೂಡಿಸಿ, ಇವು ಭೂಮಿಯ ಹೊರಗಿನಿಂದ ಬಂದುವೆಂದು ವಾದಿಸಿ ನಗೆಗೀಡಾಗಿದ್ದ ಜರ್ಮನ್ ಪಂಡಿತ ಕ್ಲಾಡ್ನಿಗೆ ಈಗ ಬೆಂಬಲ ಬಂದಿತು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಸಾವಿರಾರು ಕಲ್ಲುಗಳು ಉದುರಿದುವು. ಬಯೋ ಎಂಬ ತರುಣ ವಿಜ್ಞಾನಿಯು ಹಳ್ಳಿಹಳ್ಳಿಗೆ ಹೋಗಿ ಜನರನ್ನು ವಿಚಾರಿಸಿ, ಕಲ್ಲು ಬಿದ್ದ ಪ್ರದೇಶದ ನಕ್ಷೆಯನ್ನು ಬರೆದುಕೊಂಡು ಬಂದನು. ಆಮೇಲೆ ವಾದವೇ ಉಳಿಯಲಿಲ್ಲ.

ಕನ್ನಡನಾಡಿನ ನೆಲಕ್ಕೂ ಇಂಥ ಕಲ್ಲುಗಳು ಬಿದ್ದಿವೆ. 1848ರ ಫೆಬ್ರವರಿ 15ರಂದು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ, ನೆಗಳೂರಿನಲ್ಲಿ ಕಲ್ಲೊಂದು ಬಿದ್ದಿತು. ವರದಾ ನದಿಯು ತುಂಗಭದ್ರೆಯನ್ನು ಸೇರುವ ಸ್ಥಳಕ್ಕೆ ಅದು ಸಮೀಪ. ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಆ ಕಲ್ಲಿಗೆ ‘ಧಾರವಾಡ’ ಎಂದೇ ಹೆಸರು. 1865ರ ಸೆಪ್ಟೆಂಬರಿನಲ್ಲಿ ಮೈಸೂರು ಸೀಮೆಯಲ್ಲಿ ಬಿದ್ದುದು ‘ಮುದ್ದೂರು’ ಎಂಬ ಹೆಸರಿನಿಂದಲೂ 1866ರ ಏಪ್ರಿಲಿನಲ್ಲಿ ಕರಾವಳಿಯಲ್ಲಿ ಬಿದ್ದುದು ‘ಉಡುಪಿ’ ಎಂಬ ಹೆಸರಿನಿಂದಲೂ ಅದೇ ಪಟ್ಟಿಯಲ್ಲಿವೆ. ಯಾರೋ ಕಂಡು, ಯಾರೋ ಹುಡುಕಿ, ಯಾರೋ ದಿನವನ್ನು ಬರೆದಿಟ್ಟುದರಿಂದ ಈ ಮೂರು ಹೆಸರುಗಳು ಉಳಿದುವು. ಯಾರೂ ಬರೆದಿಡದೆ ಹೋದ ಕಲ್ಲುಗಳು ಇಂದೂ ಯಾವುದೋ ಹೊಲದ ಬದುವಿನಲ್ಲಿ ಇತರ ಕಲ್ಲುಗಳೊಡನೆ ಬಿದ್ದಿದ್ದಾವು.

ಆದರೆ ಕಂಡ ಬೆಳಕುಗಳೆಲ್ಲ ಕಲ್ಲನ್ನು ಕೆಡವುವುದಿಲ್ಲ. ಕೈಗೆ ಏನೂ ಸಿಕ್ಕದಿದ್ದಾಗ ವಿಚಾರಣೆಯು ಹೇಗೆ ನಡೆಯಬೇಕು? ಇದಕ್ಕೆ ಉತ್ತರವು ದೊರೆತದ್ದೂ ಕಾಶಿಯ ಬೆಳಕು ಕಂಡ 1798ರಲ್ಲಿಯೇ. ಜರ್ಮನಿಯ ಗೊಟ್ಟಿಂಗೆನ್ನಿನಲ್ಲಿ ಬ್ರಾಂಡಿಸ್, ಬೆಂಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಒಬ್ಬರಿಂದೊಬ್ಬರು ಕೆಲವು ಮೈಲಿ ದೂರದಲ್ಲಿ ಕುಳಿತು, ಒಂದೇ ಉಲ್ಕೆಯನ್ನು ಇಬ್ಬರೂ ನೋಡಿ, ಅದು ಯಾವ ನಕ್ಷತ್ರಗಳ ನಡುವೆ ಹಾದುಹೋಯಿತೆಂದು ಗುರುತಿಸಿಕೊಂಡರು. ಎರಡು ನೆಲೆಗಳಿಂದ ಕಂಡ ದಿಕ್ಕುಗಳ ವ್ಯತ್ಯಾಸದಿಂದ ಎತ್ತರವನ್ನು ಲೆಕ್ಕಹಾಕಿದರು. ಉಲ್ಕೆಗಳು ಮೋಡಗಳಿಗಿಂತ ಎಷ್ಟೋ ಮೇಲೆ ಉರಿಯುತ್ತವೆಂಬುದು ಇದರಿಂದ ಸ್ಪಷ್ಟವಾಯಿತು. ಇಂದಿನ ಅಳತೆಗಳ ಪ್ರಕಾರ ಸಾಮಾನ್ಯ ಉಲ್ಕೆಗಳು ಸುಮಾರು 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ ಬೆಳಗುತ್ತವೆ.

ಈ ರೀತಿಯನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡೋಣ. ದೇಗಾಂವದಲ್ಲಿ ಒಬ್ಬನು, ಅಲ್ಲಿಂದ ಈಶಾನ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದ ರಾಮದುರ್ಗದಲ್ಲಿ ಇನ್ನೊಬ್ಬನು, ಒಂದೇ ಸಂಜೆ ಒಂದೇ ಗಳಿಗೆಯಲ್ಲಿ ಒಂದು ಬೆಳಕನ್ನು ಕಂಡರೆಂದು ಊಹಿಸಿಕೊಳ್ಳಿ. ಅದು ದೇಗಾಂವದವನ ನೆತ್ತಿಯ ಮೇಲಿತ್ತು. ರಾಮದುರ್ಗದವನಿಗೆ ನೈಋತ್ಯದಲ್ಲಿ, ದಿಗಂತಕ್ಕೂ ನೆತ್ತಿಗೂ ಸರಿನಡುವೆ ಕಂಡಿತು. ಹಾಗಾದರೆ ಅದರ ಎತ್ತರವು ಎರಡು ಊರುಗಳ ನಡುವಣ ದೂರದಷ್ಟೇ, ಎಂದರೆ ಸುಮಾರು 70 ಕಿಲೋಮೀಟರ್. ಅದು ಉಲ್ಕೆಯಾಗಿದ್ದೀತು. ಇಬ್ಬರಿಗೂ ನೆತ್ತಿಯ ಹತ್ತಿರವೇ ಕಂಡಿದ್ದರೆ ಅದು ಹಲವು ನೂರು ಕಿಲೋಮೀಟರ್ ಎತ್ತರದಲ್ಲಿ ಹೋಗುವ ಕೃತಕ ಉಪಗ್ರಹವಾಗಿದ್ದೀತು. ಇಬ್ಬರಿಗೂ ಒಂದೇ ದಿಕ್ಕಿನಲ್ಲಿ ಒಂದೇ ಎತ್ತರದಲ್ಲಿ ಕಂಡು ಸ್ಥಿರವಾಗಿದ್ದರೆ ಅದು ಗ್ರಹವೋ ನಕ್ಷತ್ರವೋ ಸರಿ. ಮೋಡದ ಸಂದಿಯಲ್ಲಿ ಎರಡು ನಿಮಿಷ ಮಾತ್ರ ಹೊಳೆದು ಮರೆಯಾದ ಶುಕ್ರನು ಅನೇಕರನ್ನು ಏಮಾರಿಸಿದ್ದಾನೆ. ದೇಗಾಂವದವನು ಕಂಡದ್ದು ರಾಮದುರ್ಗದವನಿಗೆ ಕಾಣಲೇ ಇಲ್ಲವಾದರೆ, ಅದು ನೆಲಕ್ಕೆ ಸಮೀಪದ ವಸ್ತು: ಯಾರೋ ಹಾರಿಬಿಟ್ಟ ಕಾಗದದ ದೀಪವೋ ಮತ್ತೊಂದೋ ಆಗಿರಬೇಕು. ದೇಗಾಂವದ ಮೇಲೆ ಒಂದು ಕಿಲೋಮೀಟರ್ ಎತ್ತರದಲ್ಲಿರುವುದು ರಾಮದುರ್ಗದ ದಿಗಂತದಲ್ಲಿ ಗಿಡಮರಗಳ ಮರೆಗೆ ಸೇರಿಹೋಗುತ್ತದೆ. ದೂರದರ್ಶಕವೂ ಇಲ್ಲದೆ, ಇಬ್ಬರು ಸಾಮಾನ್ಯರ ಎರಡು ವಾಕ್ಯಗಳಿಂದ ಇಷ್ಟು ತೀರ್ಮಾನವಾಗುತ್ತದೆ. ಆದರೆ ಆ ವಾಕ್ಯಗಳಲ್ಲಿ ಹೊತ್ತು, ದಿಕ್ಕು, ಎತ್ತರ ಈ ಮೂರೂ ಇರಬೇಕು. ‘ಭಾರಿ ಬೆಳಕು, ಎದೆ ಝಲ್ಲೆಂದಿತು’ ಎಂಬ ಹೇಳಿಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದರಿಂದ ಏನನ್ನೂ ಅಳೆಯಲಾಗದು.

ಸಾಕ್ಷಿಯ ಮಾತಿನಲ್ಲಿ ಇನ್ನೂ ಒಂದು ಗುಣವಿರಬೇಕು. ಅದರ ನಿದರ್ಶನಕ್ಕೆ ರಾಮದುರ್ಗದಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ಸಾಕು. ಅಲ್ಲಿಯ ಜಮಖಂಡಿಯು ಹಿಂದೆ ಪಟವರ್ಧನರ ಸಂಸ್ಥಾನ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಈ ಪ್ರದೇಶದ ಮೇಲೆ ಹಾದುಹೋಯಿತು. ಅದನ್ನು ನೋಡುವುದಕ್ಕಾಗಿ ಲೆಫ್ಟಿನೆಂಟ್ ಜಾನ್ ಹರ್ಷಲನು ಜಮಖಂಡಿಗೆ ಬಂದಿದ್ದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲನ ಮೊಮ್ಮಗನಿವನು. ಭಾರತದ ತ್ರಿಕೋನಮಿತಿ ಮೋಜಣಿಯಲ್ಲಿ ಅಧಿಕಾರಿಯಾಗಿದ್ದನು. ರಾಯಲ್ ಸೊಸೈಟಿಯು ಇವನಿಗೆ ರೋಹಿತದರ್ಶಕವನ್ನು ಒದಗಿಸಿತ್ತು. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ಯಂತ್ರವದು. ಒಂದೊಂದು ಮೂಲವಸ್ತುವೂ ಉರಿಯುವ ಅನಿಲವಾದಾಗ ತನ್ನದೇ ಆದ ಕೆಲವು ಗೆರೆಗಳನ್ನು ಮಾತ್ರ ಅದರಲ್ಲಿ ತೋರಿಸುತ್ತದೆ. ಗ್ರಹಣ ಪೂರ್ಣವಾದಾಗ ಸೂರ್ಯನ ಅಂಚಿನಲ್ಲಿ ಕೆಂಪು ನಾಲಗೆಗಳಂತೆ ಕಾಣುವ ಬೆಳಕು ಏನೆಂಬುದು ಅಂದಿಗೆ ಬಿಡಿಸದ ಒಗಟಾಗಿತ್ತು. ಸೂರ್ಯನದೋ ಚಂದ್ರನದೋ, ಬರಿಯ ಭ್ರಾಂತಿಯೋ ಎಂದು ವಾದವಿತ್ತು.

ಆಗಸ್ಟ್ ತಿಂಗಳು ಮಳೆಗಾಲ. ಗ್ರಹಣದ ಹೊತ್ತಿನಲ್ಲಿ ಮೋಡಗಳು ಕವಿದುವು. ಖಗ್ರಾಸಕಾಲ ಕೆಲವೇ ನಿಮಿಷ. ಅದರಲ್ಲಿಯೂ ಮೋಡ ಸರಿದು ನೋಟ ದೊರೆತುದು ಸ್ವಲ್ಪ ಹೊತ್ತು. ಅಷ್ಟರಲ್ಲಿಯೇ ಹರ್ಷಲನು ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ, ಹೀಗೆ ಮೂರು ಹೊಳೆಯುವ ಗೆರೆಗಳನ್ನು ಕಂಡು ಅಳತೆಗೆ ಕೈಹಾಕಿದನು. ಆ ನಾಲಗೆಗಳು ಉರಿಯುವ ಅನಿಲವೆಂಬುದು ಇದರಿಂದ ಸಿದ್ಧವಾಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನನೂ ಬೇರೆಡೆಗಳಲ್ಲಿ ಇತರರೂ ಇದೇ ನಿರ್ಣಯಕ್ಕೆ ಬಂದರು. ಕಿತ್ತಳೆಯ ಗೆರೆಯನ್ನು ಹರ್ಷಲನು ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಗೆರೆಯೆಂದೇ ಎಣಿಸಿದನು. ಆದರೆ ತನ್ನ ಯಂತ್ರವು ಅಳೆಯಬಲ್ಲಷ್ಟರ ಮಟ್ಟಿಗೆ ಎರಡೂ ಒಂದೇ ಎಂಬ ಮಿತಿಯನ್ನು ಸೇರಿಸಿಯೇ ಬರೆದನು. ಆ ಮಿತಿಯಲ್ಲಿಯೇ ಮುಂದಿನ ಶೋಧಕ್ಕೆ ಬಾಗಿಲಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರನು ಗ್ರಹಣವಿಲ್ಲದೆಯೇ ಈ ಗೆರೆಗಳನ್ನು ಕಂಡನು. ಹಳದಿಯ ಗೆರೆ ಸೋಡಿಯಮ್ಮಿನ ಗೆರೆಗಳಿಗೆ ಸಮೀಪವಾಗಿದ್ದರೂ ಅವುಗಳೊಡನೆ ಕೂಡುವುದಿಲ್ಲವೆಂಬುದು ಬೆಳಕಿಗೆ ಬಂದಿತು. ಭೂಮಿಯ ಮೇಲೆ ಅಂದಿಗೆ ಯಾರೂ ಅರಿಯದಿದ್ದ ಆ ವಸ್ತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಹೆಸರಾಯಿತು. 1895ರಲ್ಲಿ ರಾಮ್ಸೇ ಎಂಬ ರಸಾಯನಶಾಸ್ತ್ರಜ್ಞನು ಯುರೇನಿಯಮ್ಮಿನ ಒಂದು ಖನಿಜದಿಂದ ಅದನ್ನು ಹೊರತೆಗೆದನು. ಕಂಡ ಕ್ಷಣಕ್ಕೂ ವಿವರಣೆ ಪೂರ್ಣವಾದುದಕ್ಕೂ ನಡುವೆ 27 ವರ್ಷ ಕಳೆದುವು. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಇಟ್ಟು ಬರೆದ ಸಾಕ್ಷ್ಯವು ಅಷ್ಟು ಕಾಲವೂ ಕೆಡದೆ ನಿಲ್ಲುತ್ತದೆ. ಊಹೆ ತಪ್ಪಾದರೂ ನೋಟ ಸುಳ್ಳಾಗುವುದಿಲ್ಲ.

ಈ ಹಳೆಯ ಪಾಠಗಳ ಅಗತ್ಯವು ನಮ್ಮ ಕಾಲದಲ್ಲಿ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಮನುಷ್ಯನು ತಾನೇ ಆಕಾಶದಲ್ಲಿ ಹೊಸ ಬೆಳಕುಗಳನ್ನು ತೇಲಿಬಿಟ್ಟಿದ್ದಾನೆ. ಸಂಜೆಯೇ ಇವುಗಳು ಕಾಣುವ ಹೊತ್ತು, ಏಕೆಂದರೆ ನೆಲದ ಮೇಲೆ ಕತ್ತಲಾದರೂ ನೂರಾರು ಕಿಲೋಮೀಟರ್ ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲಿನಲ್ಲಿ ಉಪಗ್ರಹಗಳು ಹೊಳೆದು, ಭೂಮಿಯ ನೆರಳನ್ನು ಹೊಕ್ಕ ಕೂಡಲೆ ದೀಪವಾರಿಸಿದಂತೆ ಮರೆಯಾಗುತ್ತವೆ. 2021ರ ಡಿಸೆಂಬರಿನಲ್ಲಿ ಉಡುಪಿ ಮಂಗಳೂರುಗಳ ಕಡೆ ಜನರು ಸಾಲು ದೀಪಗಳ ಮೆರವಣಿಗೆಯೊಂದು ಬಾನಿನಲ್ಲಿ ಹೋಗುವುದನ್ನು ಕಂಡು ಬೆರಗಾದರು. ಕೆಲವೇ ದಿನಗಳ ಹಿಂದೆ ಅಮೆರಿಕದಿಂದ ಒಟ್ಟಾಗಿ ಹಾರಿಸಿದ್ದ ಸ್ಟಾರ್‌ಲಿಂಕ್ ಉಪಗ್ರಹಗಳು ಅವು; ಇನ್ನೂ ಚದರದೆ ಒಂದರ ಹಿಂದೊಂದು ಸಾಗುತ್ತಿದ್ದುವು.

ಮರುವರ್ಷ ಏಪ್ರಿಲ್ 2ರಂದು, ಯುಗಾದಿಯ ಸಂಜೆ, ಮಹಾರಾಷ್ಟ್ರ ಮಧ್ಯಪ್ರದೇಶಗಳ ಆಕಾಶದಲ್ಲಿ ಉರಿಯುವ ತುಣುಕುಗಳ ಸಾಲೊಂದು ನಿಧಾನವಾಗಿ ಹಾದುಹೋಯಿತು. ಉಲ್ಕೆಯೆಂದು ಅನೇಕರು ಹೇಳಿದರು. ಆದರೆ ಉಲ್ಕೆಗೆ ಅಷ್ಟು ತಾಳ್ಮೆಯಿಲ್ಲ. ಅದರ ವೇಗ ಕ್ಷಣಕ್ಕೆ 11ರಿಂದ 72 ಕಿಲೋಮೀಟರ್. ಕೆಲವು ಕ್ಷಣಗಳಲ್ಲಿ ಅದರ ಕಥೆ ಮುಗಿಯುತ್ತದೆ. ಭೂಮಿಯನ್ನು ಸುತ್ತುತ್ತಿದ್ದು ಕೆಳಗಿಳಿಯುವ ವಸ್ತುವಿನ ವೇಗ ಸುಮಾರು 8 ಕಿಲೋಮೀಟರ್. ಅದು ಬಹುತೇಕ ಅಡ್ಡಡ್ಡವಾಗಿ ಸಾಗುತ್ತ, ಒಡೆಯುತ್ತ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಕಾಣಬಲ್ಲುದು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಅಂದೇ ದೊಡ್ಡ ಲೋಹದ ಬಳೆಯೊಂದೂ ಆಮೇಲೆ ಗೋಳವೂ ಸಿಕ್ಕಿದುವು. ಕಂಡ ಹೊತ್ತನ್ನೂ ದಿಕ್ಕನ್ನೂ ಕಕ್ಷೆಗಳ ಲೆಕ್ಕದೊಡನೆ ಹೋಲಿಸಿದ ತಜ್ಞರು, ಇದು 2021ರ ಫೆಬ್ರವರಿಯಲ್ಲಿ ಚೀನಾ ದೇಶವು ಹಾರಿಸಿದ್ದ ರಾಕೆಟ್ಟಿನ ಮೂರನೆಯ ಹಂತವೆಂದು ಗುರುತಿಸಿದರು. ಅಂಥ ಬಳೆ ಯಾರದಾದರೂ ಮನೆಯ ಮೇಲೆ ಬಿದ್ದಿದ್ದರೆ? ಹಾರಿಸಿದ ದೇಶವೇ ನಷ್ಟವನ್ನು ತುಂಬಿಕೊಡಬೇಕೆಂದು 1972ರ ಅಂತರರಾಷ್ಟ್ರೀಯ ಒಡಂಬಡಿಕೆ ವಿಧಿಸುತ್ತದೆ. ಆದರೆ ಯಾವ ದೇಶದ್ದೆಂದು ತೋರಿಸಬೇಕಲ್ಲ? ಅದಕ್ಕೆ ಹಳ್ಳಿಯವನೊಬ್ಬನು ಗಡಿಯಾರ ನೋಡಿ ಹೇಳಿದ ಹೊತ್ತೂ ಬೆರಳು ತೋರಿ ಹೇಳಿದ ದಿಕ್ಕೂ ಪ್ರಮಾಣವಾಗುತ್ತವೆ. ಕಾಶಿಯ ಕಾವಲುಗಾರನ ಮಾತಿಗಿದ್ದ ಬೆಲೆಯೇ ಇವನ ಮಾತಿಗೂ ಉಂಟು.

ಆದುದರಿಂದ ಶ್ರೋತೃಗಳಲ್ಲಿ ಒಂದು ವಿಜ್ಞಾಪನೆ. ಮುಂದೊಂದು ಸಂಜೆ ನಿಮ್ಮ ಕಣ್ಣಿಗೆ ಇಂಥ ಬೆಳಕು ಬಿದ್ದರೆ, ಅದು ಏನು ಎಂದು ಯೋಚಿಸುವುದಕ್ಕೆ ಮೊದಲು ಒಂದು, ಎರಡು ಎಂದು ಎಣಿಸಲು ತೊಡಗಿ. ಅದು ಎಷ್ಟು ಹೊತ್ತು ಇತ್ತೆಂಬುದು ತಿಳಿಯುತ್ತದೆ. ನಿಂತ ಜಾಗವನ್ನು ಬಿಡದೆ, ಬೆಳಕು ಮೂಡಿದ ಮತ್ತು ಅಳಿದ ಎಡೆಗಳು ಯಾವ ಮರದ ಮೇಲೆ, ಯಾವ ಗೋಪುರದ ಬಲಕ್ಕೆ ಎಂದು ಗುರುತಿಟ್ಟುಕೊಳ್ಳಿ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಅಂಶ. ದಿಗಂತದಿಂದ ನೆತ್ತಿಗೆ ಒಂಬತ್ತು ಮುಷ್ಟಿಗಳು. ಈ ಅಳತೆಯಿಂದ ಎತ್ತರವನ್ನು ಹೇಳಬಹುದು. ಕಿವಿಯನ್ನೂ ತೆರೆದಿಡಿ: ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು 3 ಕ್ಷಣ ಬೇಕಾದುದರಿಂದ, 30 ಕಿಲೋಮೀಟರ್ ದೂರದಲ್ಲಿ ಒಡೆದ ಬೆಂಕಿಯ ಚೆಂಡಿನ ಗುಡುಗು ಒಂದೂವರೆ ನಿಮಿಷ ತಡವಾಗಿ ಕೇಳಿಸುತ್ತದೆ. ಇದನ್ನೆಲ್ಲ ಮಲಗುವುದಕ್ಕೆ ಮೊದಲೇ, ಮತ್ತೊಬ್ಬರೊಡನೆ ಮಾತನಾಡುವುದಕ್ಕೂ ಮೊದಲೇ ಬರೆದಿಡಿ. ಇಬ್ಬರು ಕೂಡಿ ಮಾತನಾಡಿದ ಮೇಲೆ ಎರಡು ನೆನಪುಗಳು ಒಂದಾಗಿಬಿಡುತ್ತವೆ, ಒಂದು ಸಾಕ್ಷ್ಯ ನಷ್ಟವಾಗುತ್ತದೆ. ಊಹೆಯನ್ನು ಬರೆಯಲೇಬೇಕೆನಿಸಿದರೆ ಕೆಳಗೆ ಬೇರೆಯಾಗಿ ಬರೆಯಿರಿ.

ಇಷ್ಟು ಮಾಡಿದರೂ ಕೆಲವು ಬೆಳಕುಗಳು ವಿವರಣೆಗೆ ಸಿಕ್ಕದೆ ಉಳಿಯಬಹುದು. ಉಳಿದರೆ ಹಾನಿಯಿಲ್ಲ, ಕಾರಣ ತಿಳಿಯದೆಂದ ಮಾತ್ರಕ್ಕೆ ಅದು ದೈವಿಕವೂ ಆಗದು, ಸುಳ್ಳೂ ಆಗದು. ದೇಗಾಂವದ ದೇಗುಲದಲ್ಲಿ ಕಾಲವನ್ನು ಕಲ್ಲಿನಲ್ಲಿ ಕೊರೆಯಿಸಿದವರಿಗೆ, ತಮ್ಮ ಲೆಕ್ಕವನ್ನು ಮುಂದೆ ಯಾರು ಪರೀಕ್ಷಿಸುವರೆಂಬುದು ಗೊತ್ತಿರಲಿಲ್ಲ. ಪರೀಕ್ಷೆಗೆ ನಿಲ್ಲುವಂತೆ ಬರೆಯಿಸಿದರು, ಅಷ್ಟೆ. ಕ್ಷಣಕಾಲ ಕಂಡ ಬೆಳಕಿಗೂ ನಾವು ಸಲ್ಲಿಸಬಹುದಾದ ನ್ಯಾಯವು ಇದಕ್ಕಿಂತ ಬೇರೆಯಲ್ಲ.